ಅಬ್ಬಾ ತೆಗೆಯದ ಮಡಕೆಗಳು

ಮೆಹರ್, ನಿಮ್ಮ ಹಿತ್ತಲ ತೊಟ್ಟಿಯಿಂದ ಆ ಒಡಕು ಮಡಕೆಗಳನ್ನು ತೆಗೆದವಳು ನಾನು. ನಿನ್ನ ಅಬ್ಬಾ ಅಲ್ಲ. ತೆಗೆದದ್ದಷ್ಟೇ ಆಗಿದ್ದರೆ ಎಂದೋ ಹೇಳಿ, ನಿನ್ನ ಕೈಲಿ ನಾಲ್ಕು ಮಾತು ಬೈಸಿಕೊಂಡು ಹಗುರಾಗಿಬಿಡುತ್ತಿದ್ದೆ. ತೆಗೆದವರು ತಾವೇ ಎಂದು ಅವರನ್ನೇ ನಂಬಿಸಿದೆನಲ್ಲ — ಅದನ್ನು ಹೇಳಲು ಇಷ್ಟು ವರ್ಷ ನನಗೆ ಬಾಯಿ ಬರಲಿಲ್ಲ.

ಆರ್.ಟಿ. ನಗರದಲ್ಲಿ ನೀವು ಮನೆ ಕಟ್ಟಿಸುವಾಗ ಗೋಡೆಗೆ ನೀರು ಹೊಡೆಯಲೆಂದು ಮಾಡಿಸಿದ್ದ ಸಿಮೆಂಟ್ ತೊಟ್ಟಿ ಅದು. ಮನೆ ಮುಗಿದ ಮೇಲೆ ಒಡೆಸೋಣವೆಂದು ನಿನ್ನ ಗಂಡ, ಇರಲಿ ಎಂದು ಅಬ್ಬಾ. ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ಗದಗಿನಿಂದ ಬಂದು ಹಿಂದಿನ ಎರಡು ಕೋಣೆಗಳಲ್ಲಿ ಬಾಡಿಗೆಗಿಳಿದಾಗ ಅದರಲ್ಲಿ ಕೆಂಪು ಮೀನುಗಳು ಓಡಾಡುತ್ತಿದ್ದವು. ಮೀನೆಂದರೆ ಮೂಗು ಮುಚ್ಚಿಕೊಳ್ಳುವ ಮನೆತನದ ನನಗೆ ಅವು ಮೊದಲು ಕಂಡದ್ದು ಬರೀ ಅಸಹ್ಯವಾಗಿ. ಆದರೆ ನನ್ನವರು ಸೈಕಲ್ ಏರಿ ಯಶವಂತಪುರದ ಕಾರ್ಖಾನೆಗೆ ಹೋದರೆಂದರೆ ಆ ಊರಲ್ಲಿ ನನಗೆ ಯಾರಿದ್ದರು? ತೊಟ್ಟಿಯ ಕಟ್ಟೆ, ನೀನು, ಅಬ್ಬಾ. "ನಿನ್ ಕನ್ನಡ ನಂಗೆ ಅರ್ಥ ಆಗ್ಬೇಕಾದ್ರೆ ಇನ್ನೊಬ್ರು ಬೇಕು ಕಣೇ," ಎಂದು ನೀನು ಕಾಡಿಸುತ್ತಿದ್ದೆ. ಉರ್ದು ಬೆರೆಸಿ ಮಾತಾಡುವ ನೀನು, ನನ್ನ ಕನ್ನಡಕ್ಕೆ ಹೆಸರಿಡುತ್ತಿದ್ದೆ.

ಮಡಕೆಗಳ ಕಥೆಯನ್ನು ನನಗೆ ಹೇಳಿದವರು ಅಬ್ಬಾನೇ. ಹೆಬ್ಬಾಳ ಕೆರೆಯ ಕಡೆಯಿಂದ ಕೊಕ್ಕರೆಗಳು ಬಂದು ಮೊದಲು ತಂದ ಮೀನುಗಳನ್ನೆಲ್ಲ ಹೆಕ್ಕಿಕೊಂಡು ಹೋಗಿದ್ದವಂತೆ. ಆಮೇಲೆ ಅವರು ಬಾಯಿ ಒಡೆದ ಮಡಕೆಗಳನ್ನು ಕುಂಬಾರನ ಹತ್ತಿರ ಕೇಳಿ ತಂದು, ಅಂಚಿನ ಚೂಪು ಮೀನಿಗೆ ತಾಗದಂತೆ ಕಲ್ಲಿನಲ್ಲಿ ಉಜ್ಜಿ, ತಳದಲ್ಲಿ ಮಗ್ಗುಲಾಗಿ ಮಲಗಿಸಿದ್ದರು. ಬದುಕೆಲ್ಲ ಬಟ್ಟೆ ಹೊಲಿದ ದರ್ಜಿ, ಅಂಚು ಒರಟಾಗಿದ್ದರೆ ಅವರಿಗೆ ಸಮಾಧಾನವಿಲ್ಲ. "ನೋಡು ಬೇಟಿ," ಎಂದು ನೀರಿನ ಮೇಲೆ ಕೈ ಆಡಿಸಿದರು. ಕೈಯ ನೆರಳು ಬಿದ್ದದ್ದೇ ತಡ, ಅಷ್ಟೂ ಮೀನು ಮಡಕೆಗಳ ಒಳಗೆ. ಕೈ ತೆಗೆದರೆ ಒಂದೊಂದೇ ಮೂತಿ ಹೊರಗೆ. ನಾನು ಮಗುವಿನಂತೆ ನಕ್ಕೆ, ಮತ್ತೆ ಮತ್ತೆ ಮಾಡಿಸಿದೆ. ಆದ್ದರಿಂದ ಗೊತ್ತಿಲ್ಲದೆ ಮಾಡಿದೆ ಎನ್ನುವಂತಿಲ್ಲ, ಮೆಹರ್. ಅವು ಯಾತಕ್ಕೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ನೀವೆಲ್ಲ ಮದುವೆಗೆಂದು ಕೋಲಾರಕ್ಕೆ ಹೋದಿರಿ. ಬಸ್ಸಿನಲ್ಲಿ ಮಂಡಿ ಹಿಡಿದುಕೊಳ್ಳುತ್ತದೆಂದು ಅಬ್ಬಾ ಉಳಿದರು. ಅವರ ಊಟ, ಮೀನಿನ ಕಾಳಜಿ ಎರಡೂ ನನ್ನ ಪಾಲಿಗೆ. ಅದೇ ವಾರ ನನ್ನ ಅತ್ತೆ ಗದಗಿನಿಂದ ಬಂದರು — ನನಗೆ ಐದು ತಿಂಗಳು, ಹಸಿರು ಸೀರೆ ಉಡಿಸಿ ಕುಬಸ ಮಾಡಬೇಕಿತ್ತು. ಹಿಂದಿನ ವರ್ಷ ಒಂದು ಬಸಿರು ಕಳೆದುಕೊಂಡಿದ್ದೆನೆಂಬುದು ನಿನಗೆ ಗೊತ್ತಲ್ಲ. ಅತ್ತೆ ಬಂದವರೇ ತೊಟ್ಟಿಯೊಳಗೆ ಬಗ್ಗಿ ನೋಡಿದರು.

"ಏನವ್ವಾ ಇದು, ಬಸರಿ ಹೆಂಗಸಿನ ಬಾಗಲಾ ಮುಂದ ಒಡಕ ಗಡಿಗಿ ಇಟ್ಕೊಂಡು ಕುಂತೀರಿ? ಹ್ವಾದ ವರ್ಷ ಆಗಿದ್ದು ಸಾಲ್ಲಿಲ್ಲೇನು? ತಗದ ಒಗಿ."

ಮನೆಯ ಮಾಲೀಕರು ಕೋಲಾರದಿಂದ ಬಂದ ಮೇಲೆ ಕೇಳಿ ತೆಗೆಯೋಣ ಎಂದೆ, ಆದರೆ ನನ್ನ ದನಿ ಅಷ್ಟು ಗಟ್ಟಿಯಿರಲಿಲ್ಲ. ಮಧ್ಯಾಹ್ನ ಅಬ್ಬಾ ಮಸೀದಿಗೆ ಹೋದಾಗ, ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿಯಿಂದ ಒಂದೊಂದಾಗಿ ಎಳೆದೆ. ಬೇಲಿಯ ಮಗ್ಗುಲಲ್ಲಿಟ್ಟು, ಕುಬಸ ಮುಗಿದ ಮೇಲೆ ಇಳಿಸಿದರಾಯಿತು ಎಂದುಕೊಂಡಿದ್ದೆ, ಆದರೆ ಅತ್ತೆ — ನೋಡು, ಮತ್ತೆ ಅತ್ತೆಯ ತಲೆಗೆ ಕಟ್ಟುತ್ತಿದ್ದೇನೆ. ಅವರು ಹೇಳಿದರು, ಅಷ್ಟೇ. ಪಕ್ಕದ ಖಾಲಿ ಸೈಟಿಗೆ ಎಸೆದ ಕೈ ನನ್ನದು. ಹೆದರಿಕೆಯೂ ನನ್ನದೇ. ಹೊಟ್ಟೆಯೊಳಗಿನ ಮಗು ಉಳಿಯುವುದಾದರೆ ಆ ದಿನ ನಾನು ಏನನ್ನು ಬೇಕಾದರೂ ಎಸೆಯುತ್ತಿದ್ದೆ.

ಮರುದಿನ ಬೆಳಿಗ್ಗೆ ಅಬ್ಬಾ ತೊಟ್ಟಿಯ ಮುಂದೆ ನಿಂತಿದ್ದರು. ಅವರ ಕಣ್ಣು ಮಂಜಾಗಿತ್ತು, ಆದರೂ ತಳ ಬರಿದಾದದ್ದು ಗೊತ್ತಾಗಿತ್ತು.

"ಬೇಟಿ, ಮಡ್ಕೆ ಎಲ್ ಹೋಯ್ತು?"

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಅತ್ತೆಯನ್ನೂ ಬಿಟ್ಟುಕೊಡಲಾಗದು, ನಾನೂ ಸಿಕ್ಕಿಬೀಳಬಾರದು. ಆಗಾಗ ಕನ್ನಡಕ ಹಣೆಯ ಮೇಲಿಟ್ಟುಕೊಂಡೇ ಹುಡುಕುತ್ತಿದ್ದ, ಮಾಡಿದ ನಮಾಜನ್ನು ಮತ್ತೆ ಮಾಡುತ್ತಿದ್ದ ಮನುಷ್ಯ — ಆ ಮರೆವು ನನಗೆ ಸುಲಭವಾಗಿ ಕೈಗೆ ಸಿಕ್ಕಿತು. ಯೋಚಿಸಿಯೂ ಇರಲಿಲ್ಲ, ನಾಲಿಗೆಯ ಮೇಲೆ ಬಂದುಬಿಟ್ಟಿತು.

"ನೀವೇ ನಿನ್ನೆ ತೆಗೆದ್ರಲ್ಲ ಅಬ್ಬಾ. ಮರೆತುಬಿಟ್ರಾ?"

ಅವರು ನನ್ನ ಮುಖ ನೋಡಿದರು. ಜಗಳಕ್ಕೆ ಬಂದಿದ್ದರೆ ಒಪ್ಪಿಕೊಂಡುಬಿಡುತ್ತಿದ್ದೆನೇನೋ. ಅವರು ಬರಲಿಲ್ಲ. ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡು, "ನಾನಾ?" ಎಂದರು. ಮತ್ತೆ ತೊಟ್ಟಿಯೊಳಗೆ ಬಗ್ಗಿ ನೋಡಿ, "ಹಾಂ... ತೆಗ್ದಿರ್ಬೇಕು," ಎಂದು ಒಳಗೆ ಹೋದರು.

ಮಾರನೆಯ ಬೆಳಿಗ್ಗೆ ಕೊಕ್ಕರೆ ಬಂತು. ಅಡುಗೆಮನೆಯ ಕಿಟಕಿಯಿಂದ ನೋಡಿದೆ. ನೆರಳು ಬೀಳುತ್ತಲೇ ಮೀನುಗಳು ಮಡಕೆಗಳಿದ್ದ ಮೂಲೆಗೇ ಓಡಿ, ಏನೂ ಇಲ್ಲದ ಆ ಜಾಗದಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತವು. ಹಕ್ಕಿಗೆ ಹುಡುಕುವ ಕಷ್ಟವೇ ಇರಲಿಲ್ಲ. ಓಡಿಸಿದೆ, ಮತ್ತೆ ಬಂತು. ಕುಬಸದ ಗಡಿಬಿಡಿಯಲ್ಲಿ ನಾನು ಒಳಗಿದ್ದಾಗಲೆಲ್ಲ ಬಂತು. ಸೈಟಿನಲ್ಲಿ ಬಿದ್ದ ಚೂರುಗಳಲ್ಲಿ ದೊಡ್ಡವನ್ನಾದರೂ ತಂದು ಹಾಕಬಹುದಿತ್ತು. ಹಾಕಿದರೆ ನನ್ನ ಸುಳ್ಳು ಬಯಲಾಗುತ್ತಿತ್ತು, ಅದಕ್ಕೇ ಹಾಕಲಿಲ್ಲ. ನೀವು ಬರುವ ಹೊತ್ತಿಗೆ ಒಂದೂ ಉಳಿದಿರಲಿಲ್ಲ.

ನೀನು ಬಂದು ಕೇಳಿದಾಗ ನಾನು ಬಾಯಿ ತೆರೆಯುವ ಅಗತ್ಯವೇ ಬೀಳಲಿಲ್ಲ. ಅಬ್ಬಾ ತಾವೇ ಮುಂದೆ ಬಂದು, "ನಂದೇ ತಪ್ಪು ಬೇಟಾ, ನಾನ್ ತೆಗ್ದೆ," ಎಂದರು. ನೀನು ಬೈಯಲಿಲ್ಲ. ಗಾಬರಿಯಿಂದ ನನ್ನ ಕಡೆ ನೋಡಿದೆ. ನಾನು ತಲೆ ತಗ್ಗಿಸಿದೆ, ನೀನು ಅದನ್ನು ಮರುಕ ಎಂದುಕೊಂಡೆ.

ಆಮೇಲಿನದೆಲ್ಲ ನೀನು ಪ್ರೀತಿಯಿಂದಲೇ ಮಾಡಿದೆ. ಬೆಳಗಿನ ಚಹಾ ತಾವೇ ಕಾಯಿಸಿಕೊಳ್ಳುತ್ತಿದ್ದವರಿಗೆ ಸ್ಟವ್ ಮುಟ್ಟಬೇಡಿ ಎಂದೆ. ಮಸೀದಿಗೆ ಒಬ್ಬರೇ ಹೋಗುವುದು ನಿಂತಿತು, ಗೇಟಿಗೆ ಚಿಲಕದ ಮೇಲೆ ಬೀಗ ಬಂತು. ಕತ್ತರಿಯನ್ನೂ ಬೀರುವಿನಲ್ಲಿಟ್ಟೆ. ನನಗೆ ಹೆಣ್ಣು ಹುಟ್ಟಿದಾಗ ಅಬ್ಬಾ ಅದಕ್ಕೊಂದು ಅಂಗಿ ಹೊಲಿಯಬೇಕೆಂದು ಬಟ್ಟೆ ಹಿಡಿದು ನನ್ನ ಬಾಗಿಲಿಗೆ ಬಂದು, "ನೀನೇ ಕತ್ತರಿಸಿಕೊಡು ಬೇಟಿ, ನನ್ ಕೈಗೆ ಕತ್ರಿ ಕೊಡಲ್ಲ ಇವ್ರು," ಎಂದರು. ದೂರಲಿಲ್ಲ, ನಗುತ್ತಲೇ ಹೇಳಿದರು. ನಾನು ಕತ್ತರಿಸಿದ ಬಟ್ಟೆ ಸೊಟ್ಟಗಾಯಿತು. ಅದನ್ನೂ ಹೊಂದಿಸಿ ಹೊಲಿದುಕೊಟ್ಟರು.

ಅವರು ಮರೆಯುತ್ತಿದ್ದದ್ದು ನಿಜ, ಮೆಹರ್. ಆದರೆ ಅದು ಕನ್ನಡಕ ಮರೆಯುವಷ್ಟು. ತಮ್ಮನ್ನು ತಾವೇ ನಂಬದ ಹಾಗೆ ಮಾಡಿದವಳು ನಾನು. ಆಮೇಲೆ ಯಾವುದನ್ನೂ ಖಚಿತವಾಗಿ ಹೇಳುವುದನ್ನೇ ಬಿಟ್ಟರು. "ನಾನ್ ಊಟ ಮಾಡಿದ್ನಾ?" ಎಂದು ಕೇಳುತ್ತಿದ್ದದ್ದು ನಿನ್ನನ್ನಲ್ಲ, ನನ್ನನ್ನು. ಮಡಕೆಯ ವಿಷಯ ನೆನಪಿಟ್ಟು ಹೇಳಿದವಳು ನಾನೇ ಅಲ್ಲವೇ — ನಿಜ ಹೇಳುವವಳು ಎಂಬ ನಂಬಿಕೆ. ನಾನು ಪ್ರತಿಸಲವೂ ಸರಿಯಾಗಿಯೇ ಉತ್ತರಿಸಿದೆ. ಅವರು ತೀರಿಕೊಂಡ ದಿನ ನೀನು ನನ್ನನ್ನು ಹಿಡಿದುಕೊಂಡು, "ನನಗಿಂತ ಜಾಸ್ತಿ ನೀನೇ ನೋಡ್ಕೊಂಡೆ," ಎಂದು ಕಣ್ಣೀರಿಟ್ಟೆ.

ನೀವೀಗ ಬಾಗಲಗುಂಟೆಯಲ್ಲಿ, ನಾವು ಯಲಹಂಕದಲ್ಲಿ. ಹೋದ ತಿಂಗಳು ನಿಮ್ಮ ಮನೆಗೆ ಬಂದಾಗ ನೀನು ಒಲೆಯ ಮೇಲೆ ಹಾಲು ಮರೆತೆ. "ಅಬ್ಬಾ ತರಾನೇ ಆಗ್ತಿದೀನಿ ಕಣೇ. ಅವ್ರಿಗೂ ಹಿಂಗೇ ಶುರು ಆಗಿದ್ದು, ಆ ಮಡಕೆಯಿಂದ," ಎಂದು ನಕ್ಕೆ. ಆಮೇಲೆ ಒಲೆ ಆರಿದೆಯೇ ಎಂದು ನೀನು ಎರಡು ಸಲ ಎದ್ದು ಹೋಗಿ ನೋಡಿದೆ. ಇನ್ನು ಮುಚ್ಚಿಡುವುದು ನನ್ನಿಂದಾಗದು. ಈ ಭಾನುವಾರ ಬರುತ್ತೇನೆ, ಈಗ ಮನಸ್ಸಿನಲ್ಲೇ ನಿನಗೆ ಹೇಳಿಕೊಂಡ ಇಷ್ಟನ್ನೂ ಎದುರು ಕೂತು ಹೇಳುತ್ತೇನೆ.

ಇನ್ನೊಂದಿದೆ, ಎಲ್ಲಕ್ಕಿಂತ ಕಷ್ಟದ್ದು. ಅವರು ಹೋಗುವ ಕೆಲವು ತಿಂಗಳ ಮುಂಚೆ ಒಂದು ಸಂಜೆ ಕಟ್ಟೆಯ ಮೇಲೆ ಕೂತಿದ್ದೆವು. ಬಹಳ ದಿನದಿಂದ ಮನಸ್ಸಿನಲ್ಲಿಟ್ಟುಕೊಂಡದ್ದನ್ನು ಕೇಳುವವರ ಹಾಗೆ ಮೆಲ್ಲಗೆ ಕೇಳಿದರು: "ಬೇಟಿ, ಆ ಮಡ್ಕೆ ನಾನು ಯಾಕ್ ತೆಗ್ದೆ? ನಿಂಗೆ ಏನಾದ್ರೂ ಹೇಳಿದ್ನಾ?"

ಪಕ್ಕದಲ್ಲಿ ಅತ್ತೆ ಇರಲಿಲ್ಲ. ನನ್ನ ಮಗಳು ಆರೋಗ್ಯವಾಗಿ ಅವರ ತೊಡೆಯ ಮೇಲಿದ್ದಳು. ಹೆದರಲು ಯಾವ ಕಾರಣವೂ ಉಳಿದಿರಲಿಲ್ಲ. ನಾನು ಹೇಳಿದೆ, "ಪಾಚಿ ಕಟ್ಟಿದೆ, ತೊಳೀಬೇಕು ಅಂದಿದ್ರಿ ಅಬ್ಬಾ."

"ತೊಳಿಯೋಕಾ," ಎಂದು ಅವರು ಉಸಿರು ಬಿಟ್ಟರು. ಅವರ ಮುಖ ಅಷ್ಟು ತಿಳಿಯಾದದ್ದನ್ನು ನಾನು ಎಷ್ಟೋ ದಿನಗಳಿಂದ ಕಂಡಿರಲಿಲ್ಲ. "ಹಾಗಾದ್ರೆ ಒಳ್ಳೇದಕ್ಕೇ ತೆಗ್ದಿದ್ದೆ," ಎಂದು, ನನ್ನ ತಲೆಯ ಮೇಲೆ ಕೈಯಿಟ್ಟರು.