ಸೊನ್ನೆ ಎತ್ತರದ ಒಂಬತ್ತು ತಾಳೆಗಳು

2024ರ ಮಾರ್ಚ್ 14, ಗುರುವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ಸಾರ್ವಜನಿಕ ಗ್ರಂಥಾಲಯದ ಹಿತ್ತಿಲಲ್ಲಿದ್ದ ಒಂಬತ್ತು ತಾಳೆ ಸಸಿಗಳ ಪೈಕಿ ಐದನ್ನು ಉದ್ಯಾನ ಕಚೇರಿಯವರು ಯಂತ್ರ ತಂದು ಕಿತ್ತರು. ಕಾರಣ, ‘ಬೆಳವಣಿಗೆ ಇಲ್ಲ’. ಅವುಗಳನ್ನು ಬೆಳೆಸಿದ ಮಾಲಿ ನನ್ನ ಹೆಂಡತಿಯ ತಮ್ಮ, ನಿಜ. ಆದರೆ ಮೂವತ್ತನಾಲ್ಕು ವರ್ಷ ಭೂಮಾಪನ ಇಲಾಖೆಯಲ್ಲಿದ್ದ ನಾನು ಅಳತೆಗೆ ನಿಂತರೆ ನಂಟಸ್ತನ ನೋಡುವವನಲ್ಲ.

ಕಚೇರಿಯಲ್ಲಿ ಅವನಿಗೆ ನಿಧಾನಪ್ಪ ಎಂಬ ಅಡ್ಡಹೆಸರು. ಹಿತ್ತಿಲಿಗೆ ನೀರು ಕೇಳದ ಮರ ಬೇಕೆಂದು ಆ ಕಚೇರಿಯೇ ಆದೇಶಿಸಿದಾಗ, 2020ರ ಜುಲೈಯಲ್ಲಿ ಅವನು ಮಣ್ಣನ್ನು ಸೊಂಟದಾಳ ಸಡಿಲಿಸಿ ತಾಳೆಯ ಬೀಜ ಊರಿದ. ಈ ಮರದ ಮೊಳಕೆ ಮೊದಲು ನೆಲದೊಳಕ್ಕೆ ಇಳಿಯುತ್ತದೆ. ಮೇಲೆ ಮೊದಲ ಎಲೆ ಕಾಣಲು ಹತ್ತು ತಿಂಗಳು ಹಿಡಿಯಿತು. ಬೇರು ಆಳ ಹಿಡಿದ ಮೇಲೆ ಅವನು ನೀರು ನಿಲ್ಲಿಸಿದ. ಅಲ್ಲಿಂದ ಗ್ರಹಚಾರ ಶುರು. ನೀರಿನ ರಿಜಿಸ್ಟರಿನಲ್ಲಿ ‘ಬೇಕಾಗಿಲ್ಲ’ ಎಂದು ಬರೆದದ್ದಕ್ಕೆ ಕರ್ತವ್ಯಲೋಪದ ನೋಟಿಸು ಬಂತು.

ಪ್ರತಿ ಮಾರ್ಚಿನಲ್ಲೂ ಉದ್ಯಾನ ಕಚೇರಿಯ ಇನ್ಸ್‌ಪೆಕ್ಟರರು ಟೇಪು ಹಿಡಿದು ದಯಮಾಡಿಸುವರು. ಎಲೆ ಬಿಟ್ಟು ಕಾಂಡವನ್ನಷ್ಟೇ ಅಳೆಯಬೇಕೆಂಬುದು ನಿಯಮ. ಈ ವಯಸ್ಸಿನ ತಾಳೆಗೆ ನೆಲದ ಮೇಲೆ ಕಾಂಡವೇ ಇರುವುದಿಲ್ಲ. ಹೀಗೆ ನಾಲ್ಕು ಮಾರ್ಚ್, ನಾಲ್ಕು ಸೊನ್ನೆ.

“ಏನಪ್ಪಾ ನಿಧಾನಪ್ಪ, ಇದು ಮರಾನೋ, ನಿನ್ನ ಥರ ನಿದ್ದೆ ಹೊಡೀತಾ ಇದೆಯೋ?”

“ಕೆಳಗೆ ಬೆಳೀತಾ ಇದೆ ಸಾರ್. ಆಮೇಲೆ ಮೇಲೆ ಬರುತ್ತೆ.”

“ನಮ್ಮ ಫಾರಂನಲ್ಲಿ ‘ಕೆಳಗೆ’ ಅನ್ನೋ ಕಾಲಂ ಇಲ್ಲ ಕಣಯ್ಯಾ.”

ಯಂತ್ರ ಹೋದ ಮೇಲೆ ಒಂದು ಗುಂಡಿಯೊಳಕ್ಕೆ ನಾನೇ ಟೇಪು ಇಳಿಬಿಟ್ಟೆ. ಒಂದು ಮೀಟರು ಹದಿನೆಂಟು ಸೆಂಟಿಮೀಟರು. ಅದರಾಚೆಯ ಬೇರು ತುಂಡಾಗಿ ಮಣ್ಣಿನಲ್ಲೇ ಉಳಿದಿತ್ತು. ಮಾಲಿ ಅದನ್ನು ಬೆರಳಿನಿಂದ ಮುಟ್ಟಿ ನೋಡಿದ.

“ಹಸಿ ಇದೆ ಭಾವ. ಇನ್ನೂ ನೀರು ಹುಡುಕ್ತಾ ಇತ್ತು.”

ನಾನು ಅಳೆದ ಆ ಗುಂಡಿಯೊಂದನ್ನು ಬಿಟ್ಟು ಉಳಿದವನ್ನು ಮುಚ್ಚಿದರು. ಆ ಜಾಗದಲ್ಲಿ ಈಗ ಸಿಮೆಂಟು ಕುಂಡಗಳಲ್ಲಿ ಐದು ಪ್ಲಾಸ್ಟಿಕ್ ತಾಳೆಗಳು ನಿಂತಿವೆ. ಎತ್ತರ ನಾಲ್ಕಡಿ, ವರದಿಯಲ್ಲಿ ‘ತೃಪ್ತಿಕರ’. ಅವುಗಳ ಧೂಳು ತೊಳೆಯಲು ವಾರಕ್ಕೆ ಎರಡು ಬಕೆಟ್ ನೀರು ಬೇಕು. ರಿಜಿಸ್ಟರಿನ ಕಾಲಮ್ಮೂ ತುಂಬಿತು.

ಉದ್ಯಾನ ಕಚೇರಿಯ ಅಧಿಕಾರಿಗಳೇ, ಉಳಿದ ನಾಲ್ಕು ಸಸಿಗಳನ್ನು ಏಪ್ರಿಲ್ 5ರಂದು ಕೀಳುವುದಾಗಿ ತಾವು ಬರೆದಿದ್ದೀರಿ. ಅದಕ್ಕೂ ಮುನ್ನ ತಾವೇ ಬಂದು, ನಾನು ಮುಚ್ಚಗೊಡದೆ ಕಾಯುತ್ತಿರುವ ಆ ಒಂದು ಗುಂಡಿಗೆ ಮಂಡಿಯೂರಿ ಟೇಪು ಇಳಿಸಿರಿ. ಕಂಡ ಆಳವನ್ನು ನಿಮ್ಮ ಫಾರಂನಲ್ಲಿ ಬರೆಯಿರಿ. ಮಾಲಿಗೆ ಕೊಟ್ಟ ನೋಟಿಸನ್ನು ಹಿಂಪಡೆದು, ಆ ನಾಲ್ಕನ್ನು ಅವುಗಳ ಪಾಡಿಗೆ ಬಿಡಿರಿ.