ರೊಟ್ಟಿ ಉಬ್ಬುವಾಗ ನೋಡುವವರು

ನನ್ನ ಅಕ್ಕ ತನ್ನ ಮಗಳಿಗೆ ಹನ್ನೊಂದು ದಿನದಲ್ಲಿ ಹದಿನೆಂಟು ಸಲ ಫೋನ್ ಮಾಡಿದಳು. ಮಗಳು ಮಾತಾಡಿದ್ದು ಎರಡು ಸಲ. ಎರಡೂ ಮೊದಲ ದಿನವೇ.

(ಲೆಕ್ಕ ನನ್ನ ಡೈರಿಯದು. ಸೀನಿದ್ದನ್ನೂ ಬರೀತಿಯೇನೋ ಎಂದು ಅವ್ವ ಕೇಳುತ್ತಾಳೆ. ಇಲ್ಲ, ಅದನ್ನು ಬರೆಯುವುದಿಲ್ಲ.)

ನಮ್ಮ ಕಡೆ ಹೆರಿಗೆಗೆ ಮಗಳು ತವರಿಗೆ ಬರಬೇಕು. ಅಕ್ಕನೂ ಹುಕ್ಕೇರಿಯಿಂದ ಮೂಡಲಗಿಗೆ ಬರುವವಳಿದ್ದಳು. ಆದರೆ ಡಾಕ್ಟರು ಬಸ್ಸು, ಕಾರು ಯಾವುದೂ ಬೇಡ, ಹಾಸಿಗೆ ಬಿಟ್ಟು ಏಳಲೇಬೇಡಿ ಎಂದರು. ಕೊನೆಗೆ ತವರಿಗೆ ಬಂದವಳು ಅವಳ ನಾಲ್ಕು ವರ್ಷದ ಮಗಳು ಶ್ರಾವಣಿ.

ಫೋನ್ ರಿಂಗ್ ಆದರೆ ಸಾಕು, ಶ್ರಾವಣಿ ಮಂಚದ ಕೆಳಗೆ. ಹಾಗಾಗಿ ಅಕ್ಕನಿಗೆ ನಾನೇ ವರದಿ ಒಪ್ಪಿಸುತ್ತಿದ್ದೆ. ರೊಟ್ಟಿ ಒಂದೂವರೆ. ಹಾಲು ಎರಡು ಲೋಟ. ಅತ್ತದ್ದು ಒಂದು ಸಲ. ಮಧ್ಯಾಹ್ನದ ನಿದ್ದೆ ಒಂದು ತಾಸು ಹತ್ತು ನಿಮಿಷ.

ಶನಿವಾರ ಅಕ್ಕ ನಡುವೆಯೇ ತಡೆದಳು. "ತಮ್ಮಾ, ಎಮ್ಮಿ ಲೆಕ್ಕಾ ಹೇಳಿದಂಗ ಹೇಳಾಕತ್ತಿ. ಅಕಿ ನನ್ನ ಮರತಾಳೇನು? ಖರೆ ಹೇಳು."

"ಇಲ್ಲಕ್ಕಾ" ಎಂದೆ. ಆದರೆ ನನಗೇನು ಗೊತ್ತಿತ್ತು?

ಹನ್ನೆರಡನೆಯ ದಿನ, ಮಂಗಳವಾರ, ಬೆಳಗ್ಗೆ ಏಳೂ ಹತ್ತಕ್ಕೆ ಅಡುಗೆಮನೆಗೆ ಹೋದೆ. ಗೋಕಾಕದ ಆಫೀಸಿಗೆ ನನ್ನ ಬಸ್ಸು ಏಳೂ ನಲವತ್ತಕ್ಕೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಶ್ರಾವಣಿ ಒಲೆಯಿಂದ ನಾಲ್ಕು ಅಡಿ ದೂರದಲ್ಲಿ, ಮೊಣಕಾಲ ಮೇಲೆ ಗದ್ದ ಇಟ್ಟುಕೊಂಡು ಕೂತಿದ್ದಳು.

"ಅವ್ವಾ, ಲಗೂನ ಬುತ್ತಿ ಕಟ್ಟು."

"ಮಾಮಾ, ಸುಮ್ನ ಕುಂದ್ರು" ಎಂದಳು ಶ್ರಾವಣಿ. "ಈಗ ಉಬ್ಬತೈತಿ."

ಅವ್ವ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಳು, ಹೊರಳಿಸಿ ಹಾಕಿದಳು, ಬಟ್ಟೆಯಿಂದ ಅಂಚು ಒತ್ತಿದಳು. ಒಂದು ಗುಳ್ಳೆ ಎದ್ದಿತು. ಅದರ ಪಕ್ಕ ಇನ್ನೊಂದು. ಎರಡೂ ಕೂಡಿಕೊಂಡು ಇಡೀ ರೊಟ್ಟಿ ಹೊಟ್ಟೆ ತುಂಬಿದವರಂತೆ ಉಬ್ಬಿ ನಿಂತಿತು.

"ಯಾಕ ಉಬ್ತು ಹೇಳು ನೋಡೂಣು?" ಎಂದಳು ಶ್ರಾವಣಿ.

ಹಬೆ, ಶಾಖ ಎಂದು ನಾನು ಶುರುಮಾಡಿದೆ.

"ಅಲ್ಲ. ನಾ ನೋಡಿದ್ನಲ್ಲಾ, ಅದಕ್ಕ. ನಿನ್ನಿ ಒಂದು ಉಬ್ಬಲೇ ಇಲ್ಲ. ಆಗ ನಾ ಬೆಕ್ಕು ನೋಡಾಕ ಹೋಗಿದ್ನಿ."

"ಉಬ್ಬಲಾರದ್ದು ನಿನ್ನ ಬುತ್ತ್ಯಾಗ ಹಾಕಿದ್ನಿ, ಸಾಹೇಬಾ" ಎಂದಳು ಅವ್ವ. "ನೀ ಅದನೂ ನೋಡಿಲ್ಲ."

ನೋಡಿರಲಿಲ್ಲ. ಇಪ್ಪತ್ತಾರು ವರ್ಷದಿಂದ ಇದೇ ರೊಟ್ಟಿ ತಿನ್ನುತ್ತಿದ್ದೇನೆ. ಕೂತು ನೋಡಿದ್ದು ಎಷ್ಟು ಸಲ? ಆ ಮಂಗಳವಾರ ಎಂಟು ರೊಟ್ಟಿ ನೋಡಿದೆ. ಬಸ್ಸು ಹೋಯಿತು.

ಒಂಬತ್ತನೆಯದು ಹಂಚಿಗೆ ಬಿದ್ದಾಗ ಅಕ್ಕನ ವಿಡಿಯೋ ಕಾಲ್ ಬಂತು. ಶ್ರಾವಣಿ ಎದ್ದು ಮಂಚದ ಕಡೆ ನೋಡಿದಳು. ಆದರೆ ಹೋಗಲಿಲ್ಲ. (ಹೋದರೆ ರೊಟ್ಟಿ ಉಬ್ಬುವುದಿಲ್ಲವಲ್ಲ.)

"ಶ್ರಾವಣಿ, ನಾಷ್ಟಾ ಆತೇನವ್ವಾ?" ಎಂದಳು ಅಕ್ಕ. ಶ್ರಾವಣಿಯ ಕಣ್ಣು ಹಂಚಿನ ಮೇಲೇ.

ನಾನು ಕ್ಯಾಮೆರಾವನ್ನು ಹಂಚಿನ ಕಡೆ ತಿರುಗಿಸಿದೆ. "ಅಕ್ಕಾ, ಏನೂ ಕೇಳಬ್ಯಾಡ. ಇದನ್ನ ನೋಡು."

ಶ್ರಾವಣಿ ಒಮ್ಮೆ ಫೋನ್ ನೋಡಿದಳು, ಒಮ್ಮೆ ಹಂಚು. ಆಮೇಲೆ ಎರಡೂ ಕೈಯಿಂದ ತನ್ನ ಕಣ್ಣು ಮುಚ್ಚಿಕೊಂಡಳು.

"ಮಮ್ಮಿ, ಈ ರೊಟ್ಟಿ ನೀ ನೋಡು. ನಾ ನೋಡಂಗಿಲ್ಲ. ಅತ್ತಿತ್ತ ನೋಡಬ್ಯಾಡ ಮತ್ತ."

ಹುಕ್ಕೇರಿಯಲ್ಲಿ ಮಲಗಿದ್ದವಳು ಮೂಡಲಗಿಯ ಹಂಚನ್ನು ದಿಟ್ಟಿಸಿದಳು. ಅವ್ವ ಅಂಚು ಒತ್ತುವಾಗ ಎಂದಿಗಿಂತ ಹೆಚ್ಚು ಎಚ್ಚರ ವಹಿಸಿದಳು.

"ಉಬ್ತೇನ?" ಶ್ರಾವಣಿ ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ತಡಿ... ಉಬ್ಬಾಕತ್ತೈತಿ... ಉಬ್ತು" ಎಂದಳು ಅಕ್ಕ.

"ನೀ ನೋಡಿದ್ಯಲ್ಲಾ, ಅದಕ್ಕ."

ಅಷ್ಟು ಹೇಳಿ ಶ್ರಾವಣಿ ನನ್ನ ಕೈಯಿಂದ ಫೋನ್ ಕಸಿದುಕೊಂಡಳು. ಬೆಕ್ಕಿನ ಕತೆ ಹೇಳಿದಳು, ಆಮೇಲೆ ಬೆಕ್ಕಿನ ಬಾಲದ್ದು. ಹದಿನಾಲ್ಕು ನಿಮಿಷ.

ದೂರ ಇರುವವರಿಗೆ ನಾವು ದಿನವೂ ಊಟ ಆಯಿತೇ ಎಂದು ಕೇಳುತ್ತೇವೆ. ಇವತ್ತು ಏನು ನೋಡಿದಿ ಎಂದು ಕೇಳುವುದು ಯಾವಾಗ?