ಹನ್ನೊಂದೂವರೆ ಕೇಜಿ

ಗುಜರಿಯವನಿಗೆ ಊರವರು ಇಟ್ಟ ಹೆಸರು ತಕ್ಕಡಿಯಣ್ಣ. ಯಾಕೆ ಅಂತೀರಾ? ಏನೇ ಕೊಡಿ, ಕೈಯಲ್ಲೊಮ್ಮೆ ಎತ್ತಿ ನೋಡಿ ಇಷ್ಟೇ ಕೇಜಿ ಅನ್ನುತ್ತಾನೆ. ಆಮೇಲೆ ತಕ್ಕಡಿಗೆ ಹಾಕಿದರೂ ಮುಳ್ಳು ಅವನ ಮಾತು ಮೀರುವುದಿಲ್ಲ!

ಅಂಥವನಿಗೂ ಜಗ್ಗದ ಜಾಗ ಒಂದೇ, ಬೀದಿ ಕೊನೆಯ ಸನ್ಯಾಸಿನಿಯರ ಮಠ. ಹದಿನೆಂಟು ವರ್ಷದಿಂದ ತಿಂಗಳಿಗೊಮ್ಮೆ ಅಲ್ಲಿ ಗಾಡಿ ನಿಲ್ಲಿಸುತ್ತಾನೆ. ಇಷ್ಟು ವರ್ಷದಲ್ಲಿ ಸಿಕ್ಕಿದ್ದು ತಳ ಹೋದ ಒಂದೇ ಒಂದು ಬಕೆಟ್ಟು. ಅಲ್ಲಿ ತೂತಾದ ಡಬ್ಬ ಗಿಡದ ಕುಂಡವಾಗುತ್ತದೆ, ಹರಿದ ಹೊದಿಕೆ ನೆಲ ಒರೆಸುತ್ತದೆ.

“ನಿಮ್ಮಂಥೋರು ಇನ್ನು ನಾಲ್ಕು ಜನ ಇದ್ರೆ ನನ್ನ ಗಾಡೀನೇ ಗುಜರಿಗೆ ಹಾಕ್ಬೇಕು,” ಎಂದು ಬಾಗಿಲು ಕಾಯುವ ಮುದಿ ಅಮ್ಮನಿಗೆ ಪ್ರತಿ ಸಲ ಹೇಳುತ್ತಾನೆ.

“ಹಾಕು ತಮ್ಮಾ. ಚಕ್ರ ಮಾತ್ರ ನಮಗೆ ಕೊಡು,” ಅನ್ನುತ್ತಾಳೆ ಅಮ್ಮ.

ಈ ಸಲ ಅವನು ಜೋಕು ಹೇಳಲಿಲ್ಲ. ಹೆಂಡತಿ ತೀರಿಹೋಗಿ ಇಪ್ಪತ್ತು ದಿನವಾಗಿತ್ತು. ಒಂದು ಹನಿ ಅತ್ತಿರಲಿಲ್ಲ. ಜೋಮು ಹಿಡಿದ ಕಾಲಿನ ಹಾಗೆ ಮೈಯೆಲ್ಲ ಮರಗಟ್ಟಿತ್ತು. ನಾಳೆ ಮಗಳು ಬಂದು ತಾಯಿಯ ಸಾಮಾನೆಲ್ಲ ಖಾಲಿ ಮಾಡುವವಳಿದ್ದಳು. “ಎಲ್ಲಾ ನಿನ್ನ ಗಾಡಿಗೇ ಹಾಕಪ್ಪಾ, ನೋಡ್ತಾ ಕೂತ್ರೆ ನೀನೂ ಹೋಗ್ತೀಯ,” ಅಂದಿದ್ದಳು. ಬೆಳಿಗ್ಗೆ ಹೆಂಡತಿಯ ಸಾಮಾನು ಮೂಟೆ ಕಟ್ಟಿ ಎತ್ತಿ ನೋಡಿದ್ದ. ಹನ್ನೊಂದೂವರೆ ಕೇಜಿ. ಮೂವತ್ತೊಂದು ವರ್ಷದ ಸಂಸಾರ, ಅಷ್ಟೇ! ಕೊಡಲೂ ಮನಸ್ಸಿಲ್ಲ, ಇಟ್ಟುಕೊಳ್ಳಲೂ ಧೈರ್ಯವಿಲ್ಲ.

“ಇಲ್ಲಿ ಯಾರಾದ್ರೂ ಹೋದ್ರೆ ಅವರ ಸಾಮಾನು ಏನ್ಮಾಡ್ತೀರಮ್ಮಾ?”

“ಮೇಜಿನ ಮೇಲೆ ಹರಡ್ತೀವಿ. ಒಬ್ಬೊಬ್ರು ಒಂದೊಂದು ತಗೋತೀವಿ. ಪೆಟ್ಟಿಗೇಲಿ ಮುಚ್ಚಿಡೋ ಹಾಗಿಲ್ಲ, ಸವೆಯೋವರೆಗೂ ಬಳಸ್ಬೇಕು. ಮಿಕ್ಕಿದ್ದು ಬೇಕಾದೋರಿಗೆ. ಈ ಚಪ್ಪಲಿ ನೋಡು, ನಮ್ಮ ಅಡುಗೆ ಅಮ್ಮಂದು. ನನಗೆ ಒಂದು ಬೆರಳು ದೊಡ್ಡದು. ಆರು ವರ್ಷದಿಂದ ಟಪಟಪ ಅಂತ ಓಡಾಡ್ತಿದೀನಿ.”

“ನೆನಪಾಗಲ್ವಾ?”

“ಆಗ್ಲಿ ಅಂತಾನೇ ಅಲ್ವೇನೋ! ನಿನ್ನ ಹೆಂಡತೀದು ನೀನೇನ್ ತಗೊಂಡೆ?”

ಅವನು ಏನೂ ತಗೊಂಡಿರಲಿಲ್ಲ.

ಮರುದಿನ ಮಗಳು ಗೋಣಿಚೀಲ ಹಿಡಿದೇ ಬಂದಳು. ಅವನು ಅಷ್ಟೂ ಸಾಮಾನನ್ನು ಮಂಚದ ಮೇಲೆ ಹರಡಿದ್ದ.

“ಒಂದು ತಗೋ. ಬಳಸ್ಬೇಕು ಆದ್ರೆ.”

“ಇದೇನಪ್ಪಾ ಹೊಸ ಹುಚ್ಚು?”

ಆದರೂ ಕೈ ಹಾಕಿದಳು. ಮಸೆದು ಮಸೆದು ಕಡ್ಡಿಯಾಗಿದ್ದ ತರಕಾರಿ ಚಾಕು ಎತ್ತಿಕೊಂಡಳು. “ಅಮ್ಮ ಇದನ್ನ ನನಗೆ ಮುಟ್ಟೋಕೂ ಬಿಡ್ತಿರ್ಲಿಲ್ಲ,” ಅಂದವಳು ಗೊಳೋ ಎಂದು ಅತ್ತಳು. ಅವಳ ಅಳು ಅವನಿಗೆ ಪಕ್ಕದ ಮನೆಯಿಂದ ಕೇಳಿದಂತಿತ್ತು. ತಾನೂ ಹೆಂಡತಿಯ ನೇರಳೆ ಸ್ವೆಟರ್ ಎತ್ತಿ ತಲೆಗೆ ತೂರಿಸಿಕೊಂಡ. ತೋಳು ಮೊಣಕೈ ದಾಟಿ ನಾಲ್ಕು ಬೆರಳಿಗೇ ನಿಂತಿತು.

“ಅಪ್ಪಾ, ಥೇಟ್ ಗೊಂಬೆ!” ಮಗಳು ಅಳುತ್ತಲೇ ನಕ್ಕಳು. “ಉಳಿದದ್ದು ತೂಕಕ್ಕಾ?”

“ಬೇಡ. ಬೀದೀಲಿ ಬೇಕಾದೋರನ್ನ ಕೇಳ್ತೀನಿ.”

ಮೂರನೇ ದಿನ ಅದೇ ಸ್ವೆಟರಿನಲ್ಲಿ ಗಾಡಿ ತಳ್ಳಿಕೊಂಡು ಹೊರಟ. ಟೀ ಅಂಗಡಿಯವನು ಸುಮ್ಮನಿರುತ್ತಾನಾ? “ಏನಣ್ಣಾ, ಅತ್ತಿಗೆ ಸ್ವೆಟರ್ರಾ? ಬೆಚ್ಚಗಿದ್ಯಾ?”

ಬೆಚ್ಚಗಿದೆಯೋ ಇಲ್ಲವೋ ಅವನಿಗೆ ಗೊತ್ತಾಗಿರಲಿಲ್ಲ. ಕಂಕುಳಲ್ಲಿ ಬಿಗಿಯುತ್ತಿತ್ತು, ಮರಗಟ್ಟಿದ ಮೈಗೆ ಅಷ್ಟು ಮಾತ್ರ ಗೊತ್ತಾಗುತ್ತಿತ್ತು.

“ಬಿಗಿ ಇದೆ,” ಅಂದು ಗಾಡಿ ತಳ್ಳಿದ.